ಯಾವ ಸಿನಿಮಾದ್ದೂ ಅಲ್ಲದ ಹಾಡು

ನಮ್ಮ ಕಡೆ ಯಾರಿಗಾದರೂ ಹೊಸ ಹಾಡೊಂದನ್ನು ಕೇಳಿಸಿದರೆ ಮೊದಲು ಬರುವ ಪ್ರಶ್ನೆ ಒಂದೇ: ‘ಯಾವ ಪಿಚ್ಚರ್‌ದು?’ ತಿಪಟೂರಿನ ಬಸ್ ಸ್ಟ್ಯಾಂಡ್ ಇರಲಿ, ತುರುವೇಕೆರೆಯ ಟೀ ಅಂಗಡಿ ಇರಲಿ, ಚಿಕ್ಕನಾಯಕನಹಳ್ಳಿಯ ಸಂತೆ ಇರಲಿ, ಪ್ರಶ್ನೆ ಬದಲಾಗುವುದಿಲ್ಲ. ‘ಯಾವ ಪಿಚ್ಚರ್‌ದೂ ಅಲ್ಲ, ನಾವೇ ಬರೆದು ಹಾಡಿದ್ದು’ ಎಂದು ಹೇಳಿ ನೋಡಿ. ಎದುರಿಗಿದ್ದವರ ಮುಖದಲ್ಲಿ ಸಣ್ಣ ಮರುಕ ಕಾಣಿಸುತ್ತದೆ. ‘ಇರ್ಲಿ ಬಿಡು, ಮುಂದೆ ಪಿಚ್ಚರ್‌ಗೂ ಚಾನ್ಸ್ ಸಿಗ್ತದೆ’ ಎಂದು ಸಮಾಧಾನ ಮಾಡುತ್ತಾರೆ.

ಕಥೆ ಬರೆದವರನ್ನು ‘ಯಾವ ಸಿನಿಮಾಕ್ಕೆ ಬರೆದೆ?’ ಎಂದು ಯಾರೂ ಕೇಳುವುದಿಲ್ಲ. ಚಿತ್ರ ಬಿಡಿಸಿದವರನ್ನೂ ಕೇಳುವುದಿಲ್ಲ. ಹಾಡಿಗೆ ಮಾತ್ರ ಸಿನಿಮಾದ ಸರ್ಟಿಫಿಕೇಟ್ ಬೇಕು. ಹೀರೊ ಕುಣಿಯದ ಹಾಡು ನಮ್ಮ ಲೆಕ್ಕದಲ್ಲಿ ಇನ್ನೂ ಹಾಡೇ ಆಗಿಲ್ಲ, ಹಾಡಾಗಲು ಕಾಯುತ್ತಿರುವ ಏನೋ ಒಂದು. ಈ ಲೆಕ್ಕ ತಪ್ಪು ಎನ್ನುವುದು ನನ್ನ ವಾದ. ಅದನ್ನು ಸರಿಪಡಿಸುವ ಕೆಲಸ ಬೆಂಗಳೂರಿನ ಕಂಪನಿಗಳದ್ದಲ್ಲ, ನಮ್ಮಂಥ ಊರುಗಳದ್ದು ಎನ್ನುವುದೂ ಅದರ ಜೊತೆಗೇ ಇದೆ.

ನಾನು ಎಲೆಕ್ಟ್ರಾನಿಕ್ಸ್ ಓದುತ್ತಿರುವ ಬಿಇ ವಿದ್ಯಾರ್ಥಿ. ಊರು ತುರುವೇಕೆರೆ ತಾಲ್ಲೂಕಿನ ಒಂದು ಹಳ್ಳಿ, ಮನೆಯಲ್ಲಿ ತೆಂಗು. ಒಂದೂವರೆ ವರ್ಷದಿಂದ ನಾವು ಮೂವರು ಐದು ಹಾಡುಗಳ ಒಂದು ಆಲ್ಬಂ ಮಾಡುತ್ತಿದ್ದೇವೆ. ಬರೆದು ಹಾಡುವವಳು ನನ್ನ ಕ್ಲಾಸ್‌ಮೇಟ್, ಚಿಕ್ಕನಾಯಕನಹಳ್ಳಿ ಕಡೆಯವಳು. ಗಿಟಾರ್ ಹಿಡಿಯುವವನು ಹಾಸ್ಟೆಲ್ ಗೆಳೆಯ. ರೆಕಾರ್ಡಿಂಗ್, ಮಿಕ್ಸಿಂಗ್, ವೈರು ಹಿಡಿಯುವುದು, ಟೀ ತರುವುದು ನನ್ನ ಪಾಲು.

‘ಮೊಬೈಲಲ್ಲೇ ಹಾಡು ಮಾಡ್ತಾರಂತೆ ಈಗ’ ಎಂದು ಹೇಳುವವರಿದ್ದಾರೆ. ಅದರಲ್ಲಿ ಅರ್ಧ ನಿಜವಿದೆ. ಹಿಂದೆ ದೊಡ್ಡ ಸ್ಟುಡಿಯೊದಲ್ಲಿ ಮಾತ್ರ ಆಗುತ್ತಿದ್ದ ಕೆಲಸವನ್ನು ಇವತ್ತು ಒಂದು ಲ್ಯಾಪ್‌ಟಾಪ್, ಒಂದು ಕಂಡೆನ್ಸರ್ ಮೈಕ್, ಮೈಕಿನ ಸದ್ದನ್ನು ಕಂಪ್ಯೂಟರಿಗೆ ದಾಟಿಸುವ ಆಡಿಯೊ ಇಂಟರ್‌ಫೇಸ್ ಎಂಬ ಪುಟ್ಟ ಪೆಟ್ಟಿಗೆ, ಒಂದು ಹೆಡ್‌ಫೋನ್ ಇಟ್ಟುಕೊಂಡು ಮಾಡಬಹುದು. ನಾವು ಸೆಕೆಂಡ್ ಹ್ಯಾಂಡ್ ಹುಡುಕಿ ಎಲ್ಲ ಸೇರಿ ಹದಿನೈದು ಸಾವಿರಕ್ಕೆ ಹೊಂದಿಸಿದೆವು. ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್ ಕ್ಲಾಸಿನಲ್ಲಿ ನಿದ್ದೆ ತರಿಸಿದ್ದ ನೈಕ್ವಿಸ್ಟ್ ಪ್ರಮೇಯ ನನಗೆ ತಲೆಗೆ ಹೋಗಿದ್ದು ಇಲ್ಲೇ. ಮನುಷ್ಯನ ಕಿವಿಗೆ ಕೇಳಿಸುವುದು ಹೆಚ್ಚೆಂದರೆ 20,000 ಹರ್ಟ್ಸ್‌ವರೆಗೆ. ಅದನ್ನು ಸರಿಯಾಗಿ ಹಿಡಿಯಬೇಕಾದರೆ ಅದರ ಎರಡು ಪಟ್ಟಿಗಿಂತ ಹೆಚ್ಚು ಸಲ ಅಳೆಯಬೇಕು. ಅದಕ್ಕೇ ಸಿ.ಡಿ.ಯಲ್ಲಿ ಸೆಕೆಂಡಿಗೆ 44,100 ಸ್ಯಾಂಪಲ್. ಪರೀಕ್ಷೆಯಲ್ಲಿ ಐದು ಮಾರ್ಕಿನ ಪ್ರಶ್ನೆಯಾಗಿದ್ದದ್ದು ಗೆಳತಿಯ ದನಿಯ ಅಂಚು ಉಳಿಯಲು ಕಾರಣ ಎಂದು ತಿಳಿದಾಗ ಓದಿಗೂ ಒಂದು ರುಚಿ ಬಂತು.

ಉಳಿದರ್ಧ ನಿಜ ಬೇರೆ. ಸಾಮಾನು ಅಗ್ಗವಾಗಿದೆ, ನಿಶ್ಶಬ್ದ ಅಗ್ಗವಾಗಿಲ್ಲ. ಹಾಸ್ಟೆಲಿನಲ್ಲಿ ಫ್ಯಾನು, ಬಕೆಟ್ಟು, ಐಪಿಎಲ್. ಹಾಗಾಗಿ ನಮ್ಮ ತೋಟದ ಮನೆಗೆ ಹೋದೆವು. ಅಲ್ಲಿ ಅಟ್ಟದ ತುಂಬ ಕೊಬ್ಬರಿಗೆ ಹಾಕಿದ ಕಾಯಿ. ಉರುಟು ಉರುಟಾದ ಸಿಪ್ಪೆಕಾಯಿಯ ರಾಶಿ ಸದ್ದನ್ನು ನೇರ ವಾಪಸ್ ಎಸೆಯದೆ ಚೆದುರಿಸುತ್ತದೆ, ಪ್ರತಿಧ್ವನಿ ಕಮ್ಮಿ. ಗೋಡೆಗೆ ಎರಡು ಕಂಬಳಿ ಕಟ್ಟಿದೆವು, ಸ್ಟುಡಿಯೊ ಸಿದ್ಧ. ಆದರೆ ಅಟ್ಟದಲ್ಲಿ ಇಲಿಗಳಿವೆ. ಪಕ್ಕದ ತೋಟದಲ್ಲಿ ಮೋಟ್ರು ಇದೆ. ತ್ರೀ ಫೇಸ್ ಕರೆಂಟು ಬಂದ ಕೂಡಲೇ ಅದು ಗುಂಯ್ ಎನ್ನುತ್ತದೆ. ರಾತ್ರಿ ಮಾಡೋಣವೆಂದರೆ ಹಾಡುವವಳು ಕತ್ತಲಾಗುವ ಮೊದಲು ಮನೆ ಸೇರಬೇಕು, ಕೊನೆಯ ಬಸ್ಸು ಯಾರಿಗೂ ಕಾಯುವುದಿಲ್ಲ. ಹೀಗಾಗಿ ಭಾನುವಾರ ಕರೆಂಟು ಹೋದ ಹೊತ್ತಿನಲ್ಲಿ, ಲ್ಯಾಪ್‌ಟಾಪಿನ ಬ್ಯಾಟರಿ ಇರುವಷ್ಟು ಹೊತ್ತು ಹಾಡು. ಒಂದು ಹಾಡಿನ ದನಿ ಮುಗಿಸಲು ಐದು ಭಾನುವಾರ ಹಿಡಿದಿದೆ.

ದನಿ ಹಿಡಿದರೆ ಅರ್ಧ ಕೆಲಸವೂ ಆಗಿಲ್ಲ. ಹತ್ತು ಸಲ ಹಾಡಿದ್ದರಲ್ಲಿ ಒಳ್ಳೆಯ ಸಾಲುಗಳನ್ನು ಆರಿಸಿ ಜೋಡಿಸಬೇಕು. ಗಿಟಾರು, ತಾಳ, ದನಿ ಒಂದನ್ನೊಂದು ಮುಚ್ಚದಂತೆ ಹದ ಮಾಡುವುದು ಮಿಕ್ಸಿಂಗ್. ಐದೂ ಹಾಡು ಒಂದೇ ಮಟ್ಟದಲ್ಲಿ, ಕಾರಿನಲ್ಲೂ ಮೊಬೈಲಿನಲ್ಲೂ ಸರಿಯಾಗಿ ಕೇಳುವಂತೆ ಕೊನೆಯ ಹದ ಕೊಡುವುದು ಮಾಸ್ಟರಿಂಗ್. ಆಮೇಲೆ ಮುಖಪುಟ. ಆಮೇಲೆ ಆನ್‌ಲೈನ್ ಅಂಗಡಿಗಳಿಗೆ ತಲುಪಿಸುವ ವಿತರಕ ಕಂಪನಿಗೆ ವರ್ಷದ ಶುಲ್ಕ. ಪ್ರತಿ ರೆಕಾರ್ಡಿಂಗಿಗೂ ಐಎಸ್‌ಆರ್‌ಸಿ ಎಂಬ ನಂಬರ್, ನಮ್ಮ ಆಧಾರ್ ಇದ್ದ ಹಾಗೆ. ಇಷ್ಟೆಲ್ಲ ಆದ ಮೇಲೆ ಕೇಳುವವರಿಗೆ ಅದು ನಾಲ್ಕು ನಿಮಿಷ.

ಅಪ್ಪ ಒಂದು ದಿನ ಬಾಗಿಲಲ್ಲಿ ನಿಂತು ಎಲ್ಲ ನೋಡಿ ಕೇಳಿದರು: ‘ಇದುಕ್ಕೆ ರೇಟು ಯಾರು ಕಟ್ತಾರೆ ಮಗಾ?’ ಯಾರೂ ಕಟ್ಟಲ್ಲ ಎಂದೆ. ‘ಕಾಯಿ ಅಟ್ಟುಕ್ಕಾಕಿ ಹನ್ನೊಂದು ತಿಂಗ್ಳು ಕಾಯ್ತೀವಿ. ರೇಟು ಹೇಳೋನು ಬ್ಯಾರೆಯೋನೆ. ಆದ್ರೂ ಒಂದು ರೇಟು ಅಂತ ಐತೆ. ನಿಮ್ದುಕ್ಕೆ ಅದೂ ಇಲ್ವಲ್ಲೋ’ ಎಂದು ಹೋದರು.

ಕಲ್ಪತರು ನಾಡಿನವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. 2024ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 12,000 ರೂಪಾಯಿ ಇತ್ತು. ಮಾರುಕಟ್ಟೆ ಅದಕ್ಕಿಂತ ಕೆಳಗೆ ಬಿದ್ದಾಗ ನಾವೆಲ್ಲ ಅದನ್ನೇ ನೆಚ್ಚಿಕೊಂಡೆವು. ಮಾರನೆಯ ವರ್ಷ ತಿಪಟೂರು ಮಾರುಕಟ್ಟೆಯಲ್ಲೇ ಬೆಲೆ 20,000 ದಾಟಿತು. ಬೆಲೆ ಏರಲಿ, ಬೀಳಲಿ, ‘ಇದಕ್ಕಿಂತ ಕಮ್ಮಿಯಾಗಬಾರದು’ ಎನ್ನುವ ಒಂದು ಗೆರೆ ಕೊಬ್ಬರಿಗೆ ಇದೆ. ಹಾಡಿಗೆ ಅಂಥ ಗೆರೆ ಎಲ್ಲಿದೆ?

ಕನ್ನಡದಲ್ಲಿ ಯಾವತ್ತೂ ಹೀಗೇ ಇತ್ತೇ ಎಂದರೆ, ಇಲ್ಲ. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಕ್ಯಾಸೆಟ್ ಬಂದದ್ದು 1978ರಲ್ಲಿ. ಕನ್ನಡ ಸುಗಮ ಸಂಗೀತದ ಮೊದಲ ಕ್ಯಾಸೆಟ್ ಎಂದು ಅದನ್ನು ಗುರುತಿಸುತ್ತಾರೆ. ಅದು ಯಾವ ಪಿಚ್ಚರ್‌ದೂ ಅಲ್ಲ. ಆಮೇಲೆ ಸಿ. ಅಶ್ವಥ್ ಬಂದರು, ಶಿವಮೊಗ್ಗ ಸುಬ್ಬಣ್ಣ ಬಂದರು. ಶಿಶುನಾಳ ಷರೀಫರ ತತ್ವಪದಗಳು, ಕೆ.ಎಸ್. ನರಸಿಂಹಸ್ವಾಮಿಯವರ ಮೈಸೂರು ಮಲ್ಲಿಗೆಯ ಹಾಡುಗಳು ಮನೆಮನೆಯ ಟೇಪ್‌ರೆಕಾರ್ಡರಿನಲ್ಲಿ ತಿರುಗಿದವು. ನಮ್ಮ ಮನೆಯ ಶೋಕೇಸಿನಲ್ಲಿ ಇವತ್ತಿಗೂ ಅಮ್ಮನ ಭಾವಗೀತೆ ಕ್ಯಾಸೆಟ್ಟುಗಳಿವೆ, ಹಾಕಿ ಕೇಳಲು ಟೇಪ್‌ರೆಕಾರ್ಡರ್ ಇಲ್ಲ. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅಶ್ವಥ್ ‘ಕನ್ನಡವೇ ಸತ್ಯ’ ಕಾರ್ಯಕ್ರಮ ಮಾಡಿದಾಗ ಸಿನಿಮಾ ಹಾಡಿಗಲ್ಲ, ಭಾವಗೀತೆಗೆ ಜನಸಾಗರ ಸೇರಿತ್ತು. ಅಂದರೆ ಕೇಳುವವರಿಲ್ಲ ಎನ್ನುವುದು ಸುಳ್ಳು.

ಇವರೆಲ್ಲ ಅನ್ನಕ್ಕೆ ಏನು ಮಾಡುತ್ತಿದ್ದರು ನೋಡಿ. ಅಶ್ವಥ್ ಬೆಂಗಳೂರಿನ ಐಟಿಐ ಕಾರ್ಖಾನೆಯಲ್ಲಿ ದೀರ್ಘಕಾಲ ನೌಕರಿಯಲ್ಲಿದ್ದವರು. ಸುಬ್ಬಣ್ಣ ವಕೀಲರು. ನಿಸಾರ್ ಅಹಮದ್ ಭೂವಿಜ್ಞಾನ ಪಾಠ ಮಾಡುತ್ತಿದ್ದ ಮೇಷ್ಟ್ರು. ಹಾಡಿನಿಂದ ಬದುಕು ನಡೆಯುತ್ತದೆ ಎಂದು ಆಗಲೂ ಯಾರೂ ಗ್ಯಾರಂಟಿ ಕೊಟ್ಟಿರಲಿಲ್ಲ. ಆದರೆ ಒಂದು ವ್ಯತ್ಯಾಸವಿತ್ತು. ಕ್ಯಾಸೆಟ್ ಎಂಬ ವಸ್ತುವನ್ನು ಜನ ದುಡ್ಡು ಕೊಟ್ಟು ಕೊಳ್ಳುತ್ತಿದ್ದರು. ಜನ ಕೊಳ್ಳುತ್ತಾರೆಂಬ ಧೈರ್ಯದ ಮೇಲೆ ಲಹರಿ, ಸಂಗೀತಾದಂಥ ಕಂಪನಿಗಳು ರೆಕಾರ್ಡಿಂಗಿಗೆ ದುಡ್ಡು ಹಾಕುತ್ತಿದ್ದವು. ಕ್ಯಾಸೆಟ್ ಹೋಯಿತು, ಸಿ.ಡಿ. ಬಂದು ಹೋಯಿತು, ಪೆನ್‌ಡ್ರೈವ್ ಬಂತು. ಹಾಡು ಎಂದರೆ ಪುಕ್ಕಟೆ ಎನ್ನುವ ಅಭ್ಯಾಸವಾಯಿತು. ಸಿನಿಮಾ ಹಾಡಿನ ಖರ್ಚನ್ನು ಸಿನಿಮಾ ಭರಿಸುತ್ತದೆ, ಅದು ಬದುಕಿತು. ಸಿನಿಮಾ ಇಲ್ಲದ ಹಾಡಿಗೆ ಖರ್ಚು ಭರಿಸುವವರು ಯಾರೂ ಉಳಿಯಲಿಲ್ಲ.

ಆ ಖಾಲಿಯಾದ ಜಾಗದಲ್ಲಿ ಬಂದವರು ಇವತ್ತು ಇಂಡಿ ಎನ್ನುವ ಸ್ವತಂತ್ರ ಸಂಗೀತಗಾರರು. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಓದಿದ್ದು ಸೂಕ್ಷ್ಮಜೀವಿ ವಿಜ್ಞಾನ. ವರ್ಷಗಟ್ಟಲೆ ಕಂಪನಿಗಳ ಬಾಗಿಲು ತಟ್ಟಿದರೂ ಯಾರೂ ಆಲ್ಬಂ ಮಾಡಲು ಮುಂದೆ ಬರಲಿಲ್ಲ. ಕೊನೆಗೆ ಮುಂಬೈಯಲ್ಲಿ ಅವರ ಹಾಡು ಕೇಳಿದ ಸಂಗೀತ ನಿರ್ದೇಶಕರಾದ ವಿಶಾಲ್–ಶೇಖರ್ ತಮ್ಮದೇ ಲೇಬಲ್‌ನಿಂದ 2008ರಲ್ಲಿ ಮೊದಲ ಆಲ್ಬಂ ತಂದರು. ಅದರಲ್ಲಿ ಹಿಂದಿ, ಇಂಗ್ಲಿಷ್ ಹಾಡುಗಳ ಜೊತೆ ‘ಗುಡುಗುಡಿಯ ಸೇದಿ ನೋಡೋ’, ‘ಸೋರುತಿಹುದು ಮನೆಯ ಮಾಳಿಗಿ’ ಎಂಬ ಷರೀಫರ ಎರಡು ಪದಗಳಿವೆ. ಎರಡು ವರ್ಷದಲ್ಲಿ ಅವರು ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಪಂಚೆ ಉಟ್ಟು, ಗೆಜ್ಜೆ ಕಟ್ಟಿ ಹಾಡಿದರು. 2011ರಲ್ಲಿ ಬ್ರಿಟನ್ನಿನ ಸಾಂಗ್‌ಲೈನ್ಸ್ ಪತ್ರಿಕೆ ಹೊಸಬರಿಗೆ ಕೊಡುವ ಪ್ರಶಸ್ತಿ ಕೊಟ್ಟಿತು. ಬೆಂಗಳೂರಿನ ಸ್ವರಾತ್ಮ ತಂಡ 2009ರಲ್ಲಿ ಮೊದಲ ಆಲ್ಬಂ, 2012ರಲ್ಲಿ ಎರಡನೆಯದು, 2018ರಲ್ಲಿ ಮೂರನೆಯದು ತಂದಿತು. ಆ ವರ್ಷಗಳ ನಡುವಿನ ಅಂತರ ಗಮನಿಸಿ. ಸಿನಿಮಾದಲ್ಲಾದರೆ ಒಬ್ಬ ನಿರ್ದೇಶಕ ಅಷ್ಟರಲ್ಲಿ ಎಷ್ಟು ಹಾಡು ಮಾಡಿ ಮುಗಿಸುತ್ತಿದ್ದ! ಇನ್ನು ಆಲ್ ಓಕೆಯಂಥ ರ‍್ಯಾಪರ್‌ಗಳು ಕಂಪನಿಗಳಿಗೆ ಕಾಯದೆ ಯೂಟ್ಯೂಬನ್ನೇ ವೇದಿಕೆ ಮಾಡಿಕೊಂಡು ಕನ್ನಡದ ಹುಡುಗರ ಕಿವಿಗೆ ನೇರ ನುಗ್ಗಿದರು.

ಇವರನ್ನೆಲ್ಲ ನೋಡಿದರೆ ಒಂದು ಸಾಲು ಸ್ಪಷ್ಟ. ಆಲ್ಬಂ ಅವರಿಗೆ ಹೆಸರು ಕೊಟ್ಟಿತು, ಅನ್ನ ಕೊಟ್ಟಿದ್ದು ವೇದಿಕೆ.

ಆನ್‌ಲೈನಿನಲ್ಲಿ ಕೇಳಿದರೆ ದುಡ್ಡು ಬರುವುದಿಲ್ಲವೇ ಎಂದು ನೀವು ಕೇಳಬಹುದು. ಸ್ಪಾಟಿಫೈ ಭಾರತಕ್ಕೆ ಬಂದದ್ದು 2019ರ ಫೆಬ್ರುವರಿಯಲ್ಲಿ. 2024ರಿಂದ ಅದರಲ್ಲಿ ಒಂದು ನಿಯಮವಿದೆ: ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಸಲ ಕೇಳದ ಹಾಡಿನ ರೆಕಾರ್ಡಿಂಗಿಗೆ ಒಂದು ಪೈಸೆಯೂ ಇಲ್ಲ. ಸಾವಿರ ದಾಟಿದರೂ ಒಂದು ಸಲ ಕೇಳಿದ್ದಕ್ಕೆ ಸಿಗುವುದು ಪೈಸೆಗಳ ಲೆಕ್ಕದಲ್ಲಿ. ನಾವು ಮೊದಲ ಹಾಡನ್ನು ಹಾಕಿ ಎಂಟು ತಿಂಗಳಾಯಿತು. ಕಾಲೇಜಿನವರು, ನೆಂಟರು, ನೆಂಟರ ನೆಂಟರು ಸೇರಿ 640 ಸಲ ಕೇಳಿದ್ದಾರೆ. ಅದರಲ್ಲಿ ನೂರಾದರೂ ನಾನೇ ಇರಬೇಕು! ಪ್ರೀತಿಗೆ ಕೊರತೆಯಿಲ್ಲ, ಖಾತೆಗೆ ಮಾತ್ರ ಸೊನ್ನೆ.

ಇದನ್ನೆಲ್ಲ ಹುಡುಕುತ್ತ ಹೋದಾಗ ನನಗೆ ಐರ್ಲೆಂಡ್ ಸಿಕ್ಕಿತು. ಎಲ್ಲಿಯ ಐರ್ಲೆಂಡ್, ಎಲ್ಲಿಯ ತಿಪಟೂರು ಎನ್ನಬೇಡಿ. 2022ರ ಗಣತಿಯಂತೆ ಆ ದೇಶದ ಜನಸಂಖ್ಯೆ ಸುಮಾರು 51 ಲಕ್ಷ. ನಮ್ಮ ತುಮಕೂರು ಜಿಲ್ಲೆಯದು 2011ರ ಗಣತಿಯಲ್ಲೇ ಸುಮಾರು 26.8 ಲಕ್ಷ. ಇಡೀ ದೇಶ ಹೆಚ್ಚುಕಮ್ಮಿ ಎರಡು ತುಮಕೂರು ಜಿಲ್ಲೆಯಷ್ಟು. ಪಕ್ಕದಲ್ಲೇ ಇಂಗ್ಲೆಂಡಿನ ದೈತ್ಯ ಮಾರುಕಟ್ಟೆ, ಹಳೆಯ ಭಾಷೆ ಉಳಿಸಿಕೊಳ್ಳುವ ಒದ್ದಾಟ, ಕೆಲಸಕ್ಕಾಗಿ ಊರು ಬಿಡುವ ಹುಡುಗರು. ಎಲ್ಲ ನಮಗೂ ಗೊತ್ತಿರುವ ಕಥೆಯೇ.

ಅಲ್ಲಿನ ಡೇಮಿಯನ್ ರೈಸ್ ಎಂಬ ಹಾಡುಗಾರ ಜೂನಿಪರ್ ಎಂಬ ತಂಡದಲ್ಲಿದ್ದ. ದೊಡ್ಡ ಕಂಪನಿಯೊಂದರ ಜೊತೆ ಒಪ್ಪಂದವೂ ಇತ್ತು. ಕಂಪನಿ ಹೇಳಿದಂತೆ ಹಾಡು ಮಾಡಲು ಮನಸ್ಸಾಗದೆ 1990ರ ದಶಕದ ಕೊನೆಯಲ್ಲಿ ತಂಡ ಬಿಟ್ಟ. ಕೆಲಕಾಲ ಇಟಲಿಯಲ್ಲಿ ಹೊಲದ ಕೆಲಸ ಮಾಡಿಕೊಂಡಿದ್ದ. ವಾಪಸ್ ಬಂದ ಮೇಲೆ ಅವನ ಹಾಡು ಕೇಳಿದ ಡೇವಿಡ್ ಅರ್ನಾಲ್ಡ್, ಜೇಮ್ಸ್ ಬಾಂಡ್ ಚಿತ್ರಗಳಿಗೆ ಸಂಗೀತ ಕೊಟ್ಟವರು, ರೆಕಾರ್ಡಿಂಗ್ ಸಾಮಾನು ಕೊಡಿಸಿದರು. ಮನೆಯಲ್ಲೇ ಕೂತು ಹೆಚ್ಚಿನ ಭಾಗ ರೆಕಾರ್ಡ್ ಮಾಡಿದ ಆಲ್ಬಂ ‘ಓ’ 2002ರಲ್ಲಿ ಬಂತು. ಆಮೇಲೆ ಜಗತ್ತೇ ಅದನ್ನು ಕೇಳಿತು. ಅಟ್ಟದ ಕೆಳಗೆ ಕೂತು ಹಾಡು ಹಿಡಿಯುವ ನಮಗೆ ಇಂಥದ್ದು ಕೇಳಿದರೆ ಸಹಜವಾಗಿಯೇ ಬೆನ್ನು ನೆಟ್ಟಗಾಗುತ್ತದೆ.

ಒಬ್ಬ ಗೆದ್ದ ಕಥೆಗಿಂತ ನನಗೆ ಮುಖ್ಯವೆನಿಸಿದ್ದು ಅಲ್ಲಿನ ಸರ್ಕಾರ ಮಾಡಿದ್ದು. 2022ರಲ್ಲಿ ಐರ್ಲೆಂಡ್ 2,000 ಕಲಾವಿದರಿಗೆ ಮೂರು ವರ್ಷ ವಾರಕ್ಕೆ 325 ಯೂರೊ ಮೂಲ ಆದಾಯ ಕೊಡುವ ಪ್ರಯೋಗ ಶುರು ಮಾಡಿತು. ಸಂಗೀತಗಾರರೂ ಅದರಲ್ಲಿದ್ದರು. ಅರ್ಹರ ಪಟ್ಟಿಯಿಂದ ಚೀಟಿ ಎತ್ತಿದ ಹಾಗೆ ಆರಿಸಿದರು, ಶಿಫಾರಸಿಗೆ ಜಾಗವಿರಲಿಲ್ಲ. ‘ಹಿಟ್ ಕೊಡು, ಆಮೇಲೆ ದುಡ್ಡು’ ಎನ್ನಲಿಲ್ಲ. ‘ಕೆಲಸ ಮಾಡಲು ಸಮಯ ತಗೋ’ ಎಂದಿತು. ನಮ್ಮಲ್ಲೂ ಹಿರಿಯ ಕಲಾವಿದರಿಗೆ ಸರ್ಕಾರ ಮಾಸಾಶನ ಕೊಡುತ್ತದೆ, ಅದು ಬೇಕೇ ಬೇಕು. ಆದರೆ ಜೀವಮಾನವಿಡೀ ಹಾಡಿ ದಣಿದ ಮೇಲೆ ಕೈಹಿಡಿಯುವುದಕ್ಕೂ ಹಾಡಲು ಹೊರಟಾಗ ಬುತ್ತಿ ಕಟ್ಟಿಕೊಡುವುದಕ್ಕೂ ವ್ಯತ್ಯಾಸವಿದೆ.

ಐರ್ಲೆಂಡಿನಂತೆ ನಮಗೂ ಸಂಬಳ ಕೊಡಿ ಎಂದು ನಾನು ಕೇಳುತ್ತಿಲ್ಲ. ಏಕೆಂದರೆ ಹಾಡಿಗೆ ಖರ್ಚು ಮಾಡುವ ದುಡ್ಡು ನಮ್ಮ ಊರುಗಳಲ್ಲಿ ಈಗಾಗಲೇ ಇದೆ. ಭಾದ್ರಪದ ಬಂತೆಂದರೆ ಬೀದಿಬೀದಿಗೆ ಗಣಪತಿ, ಪ್ರತಿ ಗಣಪತಿಗೂ ಆರ್ಕೆಸ್ಟ್ರಾ. ಜಾತ್ರೆ, ರಾಜ್ಯೋತ್ಸವ, ಸಂಘದ ವಾರ್ಷಿಕೋತ್ಸವ, ದೊಡ್ಡವರ ಹುಟ್ಟುಹಬ್ಬ, ಎಲ್ಲಕ್ಕೂ ಆರ್ಕೆಸ್ಟ್ರಾ. ಕಳೆದ ವರ್ಷ ನಮ್ಮ ಕಡೆಯ ಒಂದು ಉತ್ಸವ ಸಮಿತಿಯವರು ನಮ್ಮನ್ನೂ ಕರೆದರು. ಬೆಂಗಳೂರಿನಿಂದ ಬಂದ ಆರ್ಕೆಸ್ಟ್ರಾಕ್ಕೆ 80,000 ರೂಪಾಯಿ ಮಾತಾಗಿತ್ತು. ನಮಗೆ ಎಷ್ಟು ಎಂದು ಗಿಟಾರಿನ ಗೆಳೆಯ ಮೆಲ್ಲಗೆ ಕೇಳಿದ. ‘ನಿಮಗ್ಯಾತಕ್ಕಪ್ಪ ದುಡ್ಡು? ಸ್ಟೇಜ್ ಕೊಡ್ತಿದೀವಲ್ಲ, ಪ್ರಚಾರ ಸಿಗ್ತದೆ’ ಎಂದರು. ಹೋಗಲಿ ಎಂದು ಒಪ್ಪಿದೆವು. ಹತ್ತು ನಿಮಿಷ ಸಿಕ್ಕಿತು. ಎರಡನೆಯ ಹಾಡಿನ ನಡುವೆ ಯಾರೋ ಬಂದು ಮೈಕಿನಲ್ಲಿ ‘ಪಿಚ್ಚರ್ ಹಾಡು ಹಾಡ್ರಮ್ಮ’ ಎಂದರು. ಅವಳು ನಿಲ್ಲಿಸಲಿಲ್ಲ, ಹಾಡು ಮುಗಿಸಿಯೇ ಇಳಿದಳು. ಆದರೆ ಮನೆಗೆ ಹೋಗುವ ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ.

ನನಗೆ ಆರ್ಕೆಸ್ಟ್ರಾದವರ ಮೇಲೆ ಸಿಟ್ಟಿಲ್ಲ. ಅವರೂ ದುಡಿಯುವ ಕಲಾವಿದರೇ, ರಾತ್ರಿಯಿಡೀ ಗಂಟಲು ಹರಿದುಕೊಳ್ಳುತ್ತಾರೆ. ಸಿನಿಮಾ ಹಾಡಿನ ಮೇಲೂ ಸಿಟ್ಟಿಲ್ಲ. ಡಾ. ರಾಜ್ ಹಾಡು ಬಂದರೆ ನಮ್ಮಪ್ಪನ ಜೊತೆ ನಾನೂ ದನಿಗೂಡಿಸುತ್ತೇನೆ. ನನ್ನ ತಕರಾರು ಇಷ್ಟೇ: ಶಾಮಿಯಾನಕ್ಕೆ ದುಡ್ಡು, ಲೈಟಿಗೆ ದುಡ್ಡು, ಹೂವಿಗೆ ದುಡ್ಡು, ಊಟಕ್ಕೆ ದುಡ್ಡು, ಊರಿನ ಮಕ್ಕಳ ಹಾಡಿಗೆ ಮಾತ್ರ ಪ್ರಚಾರ. ಪ್ರಚಾರವನ್ನು ಮೆಸ್ಸಿನವರು ತೆಗೆದುಕೊಳ್ಳುವುದಿಲ್ಲ, ಬಸ್ ಕಂಡಕ್ಟರೂ ತೆಗೆದುಕೊಳ್ಳುವುದಿಲ್ಲ.

ಇದಕ್ಕೆ ಬರುವ ಉತ್ತರಗಳು ನನಗೆ ಬಾಯಿಪಾಠ. ‘ಚೆನ್ನಾಗಿದ್ರೆ ತಾನಾಗೇ ವೈರಲ್ ಆಗ್ತದೆ ಬಿಡು.’ ವೈರಲ್ ಆಗುವುದು ಲಾಟರಿ. ಲಾಟರಿ ಹೊಡೆದವರನ್ನು ತೋರಿಸಿ ಉಳಿದವರಿಗೆ ಕೂಲಿ ಬೇಡ ಎನ್ನುವುದು ನ್ಯಾಯವಲ್ಲ. ‘ಜನ ಗೊತ್ತಿರೋ ಹಾಡು ಕೇಳ್ತಾರೆ.’ ನಿಜವೇ. ಆದರೆ ಇವತ್ತು ಗೊತ್ತಿರುವ ಪ್ರತಿ ಹಾಡೂ ಒಂದು ದಿನ ಯಾರಿಗೂ ಗೊತ್ತಿಲ್ಲದ ಹಾಡಾಗಿತ್ತು. ಕೇಳಿಸದೆ ಗೊತ್ತಾಗುವುದಾದರೂ ಹೇಗೆ? ‘ಮೊದಲು ಓದು ಮುಗಿಸಿ, ಆಮೇಲೆ ಹಾಡು.’ ಇದು ಮನೆಯವರ ಮಾತು, ಅದರಲ್ಲಿ ಪ್ರೀತಿಯಿದೆ, ಭಯವೂ ಇದೆ. ನಾವೂ ಓದು ಬಿಡುತ್ತೇವೆಂದು ಹೇಳಿಲ್ಲ. ಅಶ್ವಥ್ ಕಾರ್ಖಾನೆಗೆ ಹೋಗಿಕೊಂಡೇ ರಾಗ ಹಾಕಿದರು. ಕೆಲಸದ ಜೊತೆ ಹಾಡು ಸಾಗಬಹುದು. ಆದರೆ ಆ ಹಾಡಿಗೆ ಊರಿನಲ್ಲಿ ಒಂದು ಜಾಗ, ಒಂದು ಬೆಲೆ ಇದ್ದರೆ ಮಾತ್ರ ಅದು ಕೆಲಸದ ಮುಂದೆ ಸೋಲದೆ ನಿಲ್ಲುತ್ತದೆ.

ಹಾಗಾದರೆ ಏನು ಮಾಡಬಹುದು? ದೊಡ್ಡ ಯೋಜನೆ ಬೇಡ. ಮೂರು ಸಣ್ಣ ಕೆಲಸ ಸಾಕು.

ಮೊದಲನೆಯದು ಉತ್ಸವ ಸಮಿತಿಗಳಿಗೆ. ನಿಮ್ಮ ಆರ್ಕೆಸ್ಟ್ರಾ ರಾತ್ರಿಯಲ್ಲಿ ಅರ್ಧ ಗಂಟೆಯನ್ನು ನಿಮ್ಮದೇ ತಾಲ್ಲೂಕಿನ ಹುಡುಗ ಹುಡುಗಿಯರ ಸ್ವಂತ ಹಾಡಿಗೆ ಬಿಡಿ. ಆರ್ಕೆಸ್ಟ್ರಾಕ್ಕೆ ಕೊಡುವುದರಲ್ಲಿ ಹತ್ತರಲ್ಲೊಂದು ಭಾಗ ಅವರಿಗೆ ಕೊಡಿ. ಎಂಬತ್ತು ಸಾವಿರದಲ್ಲಿ ಎಂಟು ಸಾವಿರ. ಅಷ್ಟರಲ್ಲಿ ನಮ್ಮಂಥವರ ಒಂದು ಹಾಡಿನ ಮಾಸ್ಟರಿಂಗ್ ಮುಗಿದು ಬಸ್ ಚಾರ್ಜೂ ಉಳಿಯುತ್ತದೆ. ಮೂರು ತಾಲ್ಲೂಕಿನಲ್ಲಿ ಹತ್ತು ಸಮಿತಿಗಳು ಹೀಗೆ ಮಾಡಿದರೆ ಒಂದು ಇಡೀ ಆಲ್ಬಂ ಊರ ದುಡ್ಡಿನಲ್ಲೇ ಆಗುತ್ತದೆ. ಗುಬ್ಬಿ ವೀರಣ್ಣನವರ ನಾಟಕ ಕಂಪನಿ ಹುಟ್ಟಿದ್ದು ಪಕ್ಕದ ಗುಬ್ಬಿಯಲ್ಲಿ. ಟಿಕೆಟ್ ಕೊಂಡು ಕಲೆ ಬೆಳೆಸುವುದು ಈ ಸೀಮೆಗೆ ಹೊಸದೇನಲ್ಲ.

ಎರಡನೆಯದು ಕಾಲೇಜುಗಳಿಗೆ. ಕಾಲೇಜು ಡೇ ಬಂದರೆ ಭಾವಗೀತೆ ಸ್ಪರ್ಧೆ, ಚಿತ್ರಗೀತೆ ಸ್ಪರ್ಧೆ ಇರುತ್ತವೆ. ಸ್ವಂತ ರಚನೆಯ ಸ್ಪರ್ಧೆಯನ್ನೂ ಸೇರಿಸಿ. ಪ್ರಾಜೆಕ್ಟಿಗೆ ಲ್ಯಾಬ್ ಕೊಡುವಂತೆ ರಜೆಯ ದಿನ ಒಂದು ಸದ್ದಿಲ್ಲದ ಕೋಣೆ ಕೊಡಿ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೈಕು, ಆಂಪ್ಲಿಫೈಯರ್, ಆಸಿಲೊಸ್ಕೋಪ್ ಎಲ್ಲ ಇವೆ, ಬೀಗದೊಳಗಿವೆ ಅಷ್ಟೆ.

ಮೂರನೆಯದು ಹಾಡು ಮಾಡುವ ನನ್ನ ವಯಸ್ಸಿನವರಿಗೆ. ಹಾಡಿನ ಕಾನೂನು ತಿಳಿದುಕೊಳ್ಳೋಣ. ಒಂದು ಹಾಡಿನಲ್ಲಿ ಎರಡು ಆಸ್ತಿಗಳಿವೆ. ಸಾಹಿತ್ಯ ಮತ್ತು ರಾಗ ಒಂದು, ರೆಕಾರ್ಡಿಂಗ್ ಇನ್ನೊಂದು. 2012ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ಆದ ತಿದ್ದುಪಡಿ ಬರೆದವರಿಗೂ ರಾಗ ಹಾಕಿದವರಿಗೂ ರಾಯಲ್ಟಿಯಲ್ಲಿ ಪಾಲು ಕೊಟ್ಟಿದೆ, ಅದನ್ನು ಕಂಪನಿಗೆ ಬರೆದುಕೊಡಲು ಬರುವುದಿಲ್ಲ. ಆ ಪಾಲನ್ನು ವಸೂಲು ಮಾಡಿ ಹಂಚಲು 1969ರಿಂದ ಐಪಿಆರ್‌ಎಸ್ ಎಂಬ ಸಂಸ್ಥೆ ಇದೆ. ಯಾವುದೋ ಚಾನೆಲ್‌ನವರು ‘ಫ್ರೀಯಾಗಿ ರಿಲೀಸ್ ಮಾಡ್ತೀವಿ, ಇಲ್ಲಿ ಸೈನ್ ಹಾಕಿ’ ಎಂದಾಗ ಓದಿ ನೋಡೋಣ. ಬೇರೆಯವರ ಹಕ್ಕನ್ನೂ ಗೌರವಿಸೋಣ. ನಮ್ಮಲ್ಲಿ ಕವಿ ತೀರಿಕೊಂಡ ಮೇಲೆ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. 1889ರಲ್ಲಿ ತೀರಿಕೊಂಡ ಷರೀಫರ ಪದಕ್ಕೆ ಯಾರು ಬೇಕಾದರೂ ಹೊಸ ರಾಗ ಹಾಕಬಹುದು. 1981ರಲ್ಲಿ ತೀರಿಕೊಂಡ ಬೇಂದ್ರೆಯವರ ಕವಿತೆಗೆ 2041 ಮುಗಿಯುವವರೆಗೂ ಅನುಮತಿ ಬೇಕು. ನಮ್ಮ ಆಲ್ಬಮ್ಮಿನಲ್ಲಿ ಷರೀಫರ ಒಂದು ಪದವಿದೆ. ರಾಗ ಅಶ್ವಥ್ ಅವರದ್ದಲ್ಲ, ನಮ್ಮದೇ.

ಇನ್ನು ಕೇಳುಗರಾದ ನಿಮಗೆ ನಾನು ಪಟ್ಟಿ ಕೊಡುವುದಿಲ್ಲ. ಇಷ್ಟವಾದ ಹಾಡನ್ನು ಫಾರ್ವರ್ಡ್ ಮಾಡುವಾಗ ಹಾಡಿದವರ ಹೆಸರೂ ಇರಲಿ. ಅವರು ಪಕ್ಕದೂರಲ್ಲಿ ಹಾಡುತ್ತಾರೆಂದರೆ ಹೋಗಿ. ನೂರು ರೂಪಾಯಿ ಟಿಕೆಟ್ ಇಟ್ಟಿದ್ದರೆ ‘ಪಾಸ್ ಇದೆಯಾ?’ ಎಂದು ಕೇಳದೆ ಕೊಳ್ಳಿ. ನಾವು ಒಂದು ಮಸಾಲೆ ದೋಸೆ, ಒಂದು ಕಾಫಿಗೆ ಅಷ್ಟು ಕೊಡುತ್ತೇವೆ.

ನಮ್ಮ ಐದು ಹಾಡಿನಲ್ಲಿ ನಾಲ್ಕು ಮುಗಿದಿವೆ. ಒಂದು ನುಸಿ ಬಿದ್ದ ತೆಂಗಿನ ಮರದ್ದು, ಒಂದು ಕೊನೆಯ ಬಸ್ಸಿನದ್ದು, ಒಂದು ಷರೀಫರದ್ದು. ನಾಲ್ಕನೆಯದು ಹಾಡುವವಳ ಅಜ್ಜಿಯ ಸೋಬಾನೆ ಧಾಟಿಗೆ ಅವಳೇ ಬರೆದ ಮಾತು. ಅಜ್ಜಿಗೆ ಕೇಳಿಸಿದಾಗ ಅವರು ಒಂದು ಕಡೆ ಧಾಟಿ ತಪ್ಪಿದೆ ಎಂದು ಹಿಡಿದರು. ಇನ್ನೊಂದು ಭಾನುವಾರ ಖರ್ಚು ಮಾಡಿ ತಿದ್ದಿದೆವು. ಐದನೆಯದರ ಸಾಹಿತ್ಯ ಸಿದ್ಧವಿದೆ, ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋಗುವವರ ಬಗ್ಗೆ. ಮುಂದಿನ ವರ್ಷ ಕ್ಯಾಂಪಸ್ ಪ್ಲೇಸ್‌ಮೆಂಟ್. ಅವಳಿಗೆ ಕೆಲಸ ಸಿಗುತ್ತದೆ, ಅದರಲ್ಲಿ ನನಗೆ ಅನುಮಾನವಿಲ್ಲ, ಅವಳು ನಮ್ಮಲ್ಲೆಲ್ಲ ಚೆನ್ನಾಗಿ ಓದುವವಳು. ಮನೆಗೂ ಆ ಸಂಬಳ ಬೇಕು. ಅವಳು ಕೆಲಸಕ್ಕೆ ಹೋಗಬಾರದೆಂದು ನಾನು ಹೇಳುವುದಿಲ್ಲ. ಕೆಲಸಕ್ಕೆ ಹೋದ ಮೇಲೂ ವರ್ಷಕ್ಕೆ ನಾಲ್ಕು ಸಲ ಊರಿಗೆ ಬಂದು ಹಾಡಲು ಒಂದು ಕಾರಣವಿರಲಿ ಎನ್ನುತ್ತೇನೆ.

ಆ ಕಾರಣವನ್ನು ಕೊಡುವುದು ನಾವು ಮೂವರ ಕೈಯಲ್ಲಿಲ್ಲ. ಗಣಪತಿ ಹಬ್ಬಕ್ಕೆ ಸಮಿತಿಗಳು ಪಟ್ಟಿ ಹಿಡಿದು ಚಂದಾಕ್ಕೆ ಬರುತ್ತವಲ್ಲ, ಆಗ ಕೊಡುವ ದುಡ್ಡಿನ ಜೊತೆ ಒಂದು ಮಾತನ್ನೂ ಕೊಡಿ: ‘ಈ ಸಲ ನಮ್ಮ ತಾಲ್ಲೂಕಿನವರದ್ದೂ ಅರ್ಧ ಗಂಟೆ ಇರಲಿ, ಅವರಿಗೂ ದುಡ್ಡು ಕೊಡ್ರಪ್ಪ.’ ಚಂದಾ ಕೊಡುವವರು ಹೇಳಿದರೆ ಸಮಿತಿಯವರು ಕೇಳುತ್ತಾರೆ.